ತಣಿಸು

ಕೆಂಪಯ್ಯ ಚೀಲದೊಳಗಿಂದ ಆಮಂತ್ರಣ ಪತ್ರಿಕೆ ತೆಗೆದು ಮಗ ನಾಗೇಂದ್ರನ ಮೇಜಿನ ಮೇಲಿಟ್ಟು, ಹೋಗಿ ಗೋಡೆಗೆ ಒರಗಿ ಕೂತ. ಟವಲಿನಿಂದ ಕತ್ತು ಒರೆಸಿಕೊಂಡ. ತೊಟ್ಟಿಲ ಚಿತ್ರ ಹಾಕಿಸಿ, ಗುಲಾಬಿ ಕಾಗದದಲ್ಲಿ ಅಚ್ಚು ಮಾಡಿಸಿ, ನಾಲ್ಕು ಮೂಲೆಗೂ ಅರಿಸಿನ ಸವರಿದ್ದ ಆ ಪತ್ರಿಕೆಯನ್ನು ನಾಗೇಂದ್ರ ಹತ್ತು ದಿನದ ಹಿಂದೆ ಪುಣಜನೂರಿನ ಅಕ್ಕನಿಗೆ ಅಂಚೆಯಲ್ಲಿ ಕಳಿಸಿದ್ದ. ಈಗ ಅದು ಎರಡು ಬಸ್ಸು ಬದಲಾಯಿಸಿಕೊಂಡು ಗುಂಡ್ಲುಪೇಟೆಗೆ ವಾಪಸು ಬಂದಿತ್ತು.

ಅಕ್ಕ ಏನಂದಳು ಎಂದು ನಾಗೇಂದ್ರ ಎರಡು ಸಲ ಕೇಳಬೇಕಾಯಿತು. ಅಷ್ಟರಲ್ಲಿ ಶಾಂತಿ ಮಗುವನ್ನೆತ್ತಿಕೊಂಡು ಬಾಗಿಲಿಗೆ ಬಂದು ನಿಂತಳು. ಸೊಸೆಯ ಮುಖ ನೋಡಿ ಮುದುಕ ಬಾಯಿಬಿಟ್ಟ.

"ಇನ್ನೇನಂದಾಳು. ಎಸರ ಪ್ರೆಸ್ಸಿನೋನೇ ಮಡಗ್ಬುಟ್ಟವ್ನಲ್ಲ, ನಾನ್ ಬಂದು ಇನ್ನೇನ ಕೂಗ್ಲಿ ಅಂದ್ಲು."

ಅಷ್ಟೇ ಅಂತೆ. ಬೈಯಲಿಲ್ಲ, ಅಳಲಿಲ್ಲ. ಅಪ್ಪನಿಗೆ ಉಣ್ಣಲು ಇಕ್ಕಿ, ಎಲೆ ಅಡಿಕೆ ಕೊಟ್ಟು, ಬಸ್ಸಿನವರೆಗೂ ಜೊತೆಗೆ ಬಂದಿದ್ದಾಳೆ. ಬಸ್ಸು ಬಂದ ಮೇಲೆ ಸೊಂಟದಿಂದ ಪತ್ರಿಕೆ ತೆಗೆದು ಕೈಗಿಟ್ಟು ಅಷ್ಟು ಮಾತು ಹೇಳಿ ತಿರುಗಿ ನಡೆದಿದ್ದಾಳೆ. ಬೈದಿದ್ದರೇ ವಾಸಿಯಾಗಿತ್ತು ಅನ್ನಿಸಿತು ನಾಗೇಂದ್ರನಿಗೆ. ಬೈಯುವ ಅಕ್ಕ ಕರಿಯಮ್ಮನನ್ನು ಅವನು ಬಲ್ಲ, ಸುಮ್ಮನಿರುವ ಕರಿಯಮ್ಮನನ್ನು ಕಂಡವನಲ್ಲ.

ಅವರ ಪೈಕಿ ಒಂದು ಪದ್ಧತಿ. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ತಂದೆಯ ಒಡಹುಟ್ಟಿದವಳು ಬಗ್ಗಿ ಅದರ ಕಿವಿಯಲ್ಲಿ ಮೂರು ಸಲ ಹೆಸರು ಕೂಗಬೇಕು. ಕೂಗುವುದು ಅಂದರೆ ಪಿಸುಗುಟ್ಟುವುದೇ. ಆದರೆ ಆ ಹೆಸರು ಮೊದಲು ಹೊರಡಬೇಕಾದ್ದು ಆಕೆಯ ಬಾಯಿಂದ. ಅಲ್ಲಿಯವರೆಗೆ ಹೆತ್ತ ತಾಯಿಯೂ ಮಗುವನ್ನು ಹೆಸರು ಹಿಡಿದು ಕರೆಯುವಂತಿಲ್ಲ, ಬರೀ 'ಮೊಗ' ಅನ್ನಬೇಕು. ಇಂಥ ಮನೆಯಲ್ಲಿ ಹುಟ್ಟಿದ ನಾಗೇಂದ್ರ ಬಸ್‌ಸ್ಟ್ಯಾಂಡಿನ ಹತ್ತಿರದ ಪ್ರೆಸ್ಸಿಗೆ ಹೋಗಿ ನಿಂತಾಗ, ಪ್ರೆಸ್ಸಿನವನು ಮಗುವಿನ ಹೆಸರು ಹಾಕಿದರೆ ಕಾರ್ಡಿಗೊಂದು ಕಳೆ ಬರುತ್ತದೆ ಸಾರ್ ಎಂದ. ಗಂಡ ಹೆಂಡತಿ ತಿಂಗಳುಗಟ್ಟಲೆ ಹುಡುಕಿ ಹೊಸದಾದ ಹೆಸರೊಂದನ್ನು ಆರಿಸಿಟ್ಟಿದ್ದರು, ಬಾಯಿ ತುರಿಸುತ್ತಿತ್ತು, ಹೇಳಿಬಿಟ್ಟ. ಚಿ. ಸ್ಪಂದನಾ ಎಂದು ದಪ್ಪ ಅಕ್ಷರದಲ್ಲಿ ಕೂತಿತು. ಪ್ರೂಫನ್ನು ಮೂರು ಸಲ ಓದಿದ. ಎರಡು ಒತ್ತಕ್ಷರ ತಿದ್ದಿದ. ಹೈಸ್ಕೂಲಿನ ಕನ್ನಡ ಮೇಷ್ಟ್ರು ನೋಡಿ, ಕಾಗುಣಿತದ ತಪ್ಪು ಕಂಡಿತು, ಇಷ್ಟು ದೊಡ್ಡ ತಪ್ಪು ಕಾಣಲಿಲ್ಲ.

ಅದು ಸಾಲದು ಅಂತ ಅಂಚೆಗೆ ಬೇರೆ ಹಾಕಿದ. ಒಡಹುಟ್ಟಿದವಳನ್ನು ಕರೆಯಲು ಹೂವು ಹಣ್ಣು ಹಿಡಿದು ಮನೆ ಬಾಗಿಲಿಗೆ ಹೋಗಬೇಕು ಅಂತ ಶಾಂತಿ ನಾಲ್ಕು ಸಲ ಹೇಳಿದ್ದಳು. ಹತ್ತನೇ ಕ್ಲಾಸಿನವರ ಪ್ರಿಪರೇಟರಿ ಪೇಪರು ಇವೆ, ಅಕ್ಕ ಏನೂ ಅಂದುಕೊಳ್ಳುವುದಿಲ್ಲ ಎಂದಿದ್ದ. ಈಗ ಮಂಗಳವಾರ. ಶುಕ್ರವಾರ ಬೆಳಗ್ಗೆ ಹತ್ತೂವರೆಗೆ ತೊಟ್ಟಿಲು. ಕರಿಯಮ್ಮ ಬರದಿದ್ದರೆ ದೊಡ್ಡಪ್ಪನ ಮಗಳು ಒಬ್ಬಳಿದ್ದಾಳೆ, ಅವಳ ಕೈಲಿ ಕೂಗಿಸಿದರಾಯಿತು ಎಂದು ಯಾರಾದರೂ ಹೇಳಿಯಾರು. ಹೇಳುವವರಿಗೇನು ಗೊತ್ತು. ನಾಗೇಂದ್ರ ಹುಟ್ಟಿದ ಆರನೇ ದಿನಕ್ಕೆ ಅವ್ವ ಪುಟ್ಟಮಾದಮ್ಮ ತೀರಿಕೊಂಡಳು. ತಮ್ಮ ಊರು ಉಡಿಗಾಲದಲ್ಲಿ ಕಂಡವರ ಮನೆಯ ಬಾಣಂತಿಯರ ಹತ್ತಿರ ಅವನನ್ನು ಹೊತ್ತೊಯ್ದು ಹಾಲು ಕುಡಿಸಿಕೊಂಡು ಬರುತ್ತಿದ್ದವಳು ಹನ್ನೊಂದು ವರ್ಷದ ಕರಿಯಮ್ಮ. ಹದಿನೇಳಕ್ಕೆ ಮದುವೆಯಾಗಿ ಪುಣಜನೂರಿಗೆ ಹೊರಟಾಗ ತಮ್ಮನನ್ನೂ ಕರೆದುಕೊಂಡೇ ಹೋದಳು. ನಾಲ್ಕನೇ ಕ್ಲಾಸಿನವರೆಗೆ ಅವನು ಓದಿದ್ದು ಅಲ್ಲೇ. ಅವಳಲ್ಲದೆ ಬೇರೆ ಯಾರೋ ಬಗ್ಗಿ ತನ್ನ ಮಗಳ ಕಿವಿಯಲ್ಲಿ ಹೆಸರು ಕೂಗುವುದನ್ನು ನೆನೆಸಿಕೊಳ್ಳುವುದಕ್ಕೂ ನಾಗೇಂದ್ರನಿಂದ ಆಗುತ್ತಿರಲಿಲ್ಲ.

ಅವತ್ತೇ ಮೇಜಿನ ಮೇಲೆ ವಾಪಸು ಬಂದ ಇನ್ನೊಂದು ಚೀಟಿಯೂ ಇತ್ತು. ರಿಟೈರಾದ ಕನ್ನಡ ಪಂಡಿತರು ಶಾಂತಮಲ್ಲಪ್ಪನವರು ಈ ಸೀಮೆಯ ಮಾತುಗಳದ್ದೊಂದು ನಿಘಂಟು ಮಾಡುತ್ತೇನೆಂದು ಚಪ್ಪಲಿ ಡಬ್ಬಗಳಲ್ಲಿ ಚೀಟಿ ತುಂಬಿಸುತ್ತಿದ್ದರು. ತಕಾರದ ಕ್ರಿಯಾಪದಗಳನ್ನು ನಾಗೇಂದ್ರನ ತಲೆಗೆ ಕಟ್ಟಿದ್ದರು. ಅವನು ಶ್ರದ್ಧೆಯಿಂದ ಬರೆದಿದ್ದ: 'ತಣಿಸು. ತೃಪ್ತಿಪಡಿಸು, ಸಂತೋಷಪಡಿಸು. ಮೂಲ: ತಣ್, ಅಂದರೆ ತಂಪು. ತಣ್ಣೀರು, ತಣ್ಣಗೆ, ತಣಿವು ಇವೂ ಅದೇ ಬೇರಿನವು. ಬಳಕೆ: ರಾಜನು ಪ್ರಜೆಗಳನ್ನು ತಣಿಸಿದನು.' ಪಂಡಿತರು ಕೊನೆಯ ವಾಕ್ಯಕ್ಕೆ ಕೆಂಪು ಗೀಟು ಎಳೆದು ಕೆಳಗೆ ಬರೆದಿದ್ದರು. 'ಬೇರು ಸರಿ. ಬಿಸಿಲಿನ ನಾಡಿನವರು, ತಂಪಾದದ್ದೇ ಸುಖ ಅಂದುಕೊಂಡರು. ಆದರೆ ಯಾವ ರಾಜ ಸ್ವಾಮಿ? ನಮ್ಮ ಜನರ ಬಾಯಿಂದ ಬಂದ ಒಂದು ವಾಕ್ಯ ಕೇಳಿ ಬರೆಯಿರಿ.'

ನಾಗೇಂದ್ರ ಆ ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ, ಸಿ.ಎಲ್. ಬರೆದ, ಬುಧವಾರ ಮೊದಲ ಬಸ್ಸಿಗೆ ಹೊರಟ.

ಚಾಮರಾಜನಗರದಲ್ಲಿ ಇಳಿದು ಅಂಗಡಿ ಬಾಗಿಲು ತೆಗೆಯುವವರೆಗೆ ಕಾದು, ಹಸಿರು ಅಂಚಿನ ಸೀರೆಯೊಂದನ್ನು ತೆಗೆದ. ಮೈಸೂರುಪಾಕು, ಬಾಳೆಹಣ್ಣು, ಎಲೆ ಅಡಿಕೆ, ಎರಡು ಮೊಳ ಹೂವು. ಸತ್ಯಮಂಗಲದ ಬಸ್ಸಿನಲ್ಲಿ ಕೂತು ಅಕ್ಕನಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಭಾಷಣ ಸಿದ್ಧ ಮಾಡಿಕೊಂಡ. ಬಸ್ಸು ಪುಣಜನೂರು ಮುಟ್ಟುವ ಹೊತ್ತಿಗೆ ಭಾಷಣ ಬಲು ಚೆನ್ನಾಗಿ ಬಂದಿತ್ತು. ಕೇಳುವವರೊಬ್ಬರು ಬೇಕಿತ್ತು, ಅಷ್ಟೇ.

ಮನೆಗೆ ಬೀಗ ಇತ್ತು. ಹೊಲದ ಕಡೆಯಿಂದ ಹೊಗೆ ಏಳುತ್ತಿತ್ತು, ಜೊತೆಗೆ ಅರಿಸಿನ ಬೇಯುವ ಘಾಟು. ಕಾಡಿನ ಅಂಚಿಗೆ ಕರಿಯಮ್ಮ, ಭಾವ ದೊಡ್ಡಯ್ಯ ಇಬ್ಬರೂ ಅರ್ಧ ಎಕರೆ ಅರಿಸಿನ ಹಾಕುತ್ತಾರೆ, ಆನೆ ಬಾಯಿ ಹಾಕದ ಬೆಳೆ ಅಂತ. ಹುಣಸೆ ಮರದ ಪಕ್ಕದಲ್ಲಿ ಗುಂಡಿ ತೋಡಿ ಒಲೆ ಹೂಡಿ, ಅದರ ಮೇಲೆ ಇಬ್ಬರು ತೋಳು ಚಾಚಿದರೂ ಬಳಸಲಾಗದಷ್ಟು ದೊಡ್ಡ ಕೊಪ್ಪರಿಗೆ ಇಟ್ಟಿದ್ದರು. ದೊಡ್ಡಯ್ಯ ಕೆಳಗೆ ಕೂತು ಉರಿ ನೋಡಿಕೊಳ್ಳುತ್ತಿದ್ದ. ಕರಿಯಮ್ಮ ಸೀರೆ ಮೇಲೆ ಕಟ್ಟಿ, ತಲೆಗೆ ಟವಲು ಸುತ್ತಿ, ಹಸಿ ಗೆಡ್ಡೆಯ ಮಂಕರಿ ಎತ್ತಿ ಕೊಪ್ಪರಿಗೆಗೆ ಸುರಿಯುತ್ತಿದ್ದಳು. ತಮ್ಮನನ್ನು ನೋಡಿದಳು. ಮಂಕರಿ ಕೆಳಗಿಟ್ಟಳು.

"ಬನ್ನಿ ಮೇಷ್ಟ್ರೇ," ಎಂದಳು. "ಅಲ್ಲಿ ನೆಳ್ಳಲ್ಲಿ ಕುಂತ್ಕಳಿ. ಇಲ್ಲಿ ಬಟ್ಟೆ ಕೊಳೆ ಆಯ್ತವೆ."

ಇಪ್ಪತ್ತೊಂಬತ್ತು ವರ್ಷದಲ್ಲಿ ಅಕ್ಕ ಅವನಿಗೆ ಬನ್ನಿ ಎಂದದ್ದು ಅದೇ ಮೊದಲು. ಕಟ್ಟಿಕೊಂಡು ಬಂದಿದ್ದ ಭಾಷಣ ಅಲ್ಲೇ ಅರ್ಧ ಉದುರಿಹೋಯಿತು. ಉಳಿದರ್ಧವನ್ನು ಹೇಗೋ ಹೇಳಿದ. ತಪ್ಪಾಯಿತು ಎಂದ, ಪ್ರೆಸ್ಸಿನವನು ಕೇಳಿದ ಎಂದ, ಪೇಪರು ತಿದ್ದುವುದಿತ್ತು ಎಂದ, ಹೇಳುತ್ತಾ ಹೇಳುತ್ತಾ ಸೀರೆಯ ಕವರನ್ನೂ ಹೂವು ಹಣ್ಣನ್ನೂ ಮುಂದೆ ಚಾಚಿದ. ಕರಿಯಮ್ಮ ಅರಿಸಿನದ ಕೈ ತೋರಿಸಿ ಮುಟ್ಟಲಿಲ್ಲ.

"ಸೀರೆ ಕೊಟ್ಟು ತಣ್ಸಾನ ಅಂತ ಬಂದ್ರಾ?"

ಈಗ ನಮ್ಮ ಮೇಷ್ಟ್ರು ಮಾಡಿದ್ದನ್ನು ಹೇಳುವುದಕ್ಕೆ ನಾಚಿಕೆಯಾಗುತ್ತದೆ. ಆ ಮಾತು ಕಿವಿಗೆ ಬಿದ್ದದ್ದೇ ತಡ, ಅವನ ಕೈ ತನ್ನಷ್ಟಕ್ಕೆ ಜೇಬಿಗೆ ಹೋಯಿತು. ಚೀಟಿ, ಪೆನ್ನು ಎರಡೂ ಅರ್ಧ ಹೊರಗೆ ಬಂದಿದ್ದವು. ಕರಿಯಮ್ಮ ಆ ಕೈಯನ್ನೇ ನೋಡುತ್ತಿದ್ದಳು.

"ಬರ್ಕಳಿ," ಎಂದಳು. "ಅದ್ನೂ ಅಚ್ಚಾಕ್ಸಿ."

ನಾಗೇಂದ್ರನಿಗೆ ಕೊಪ್ಪರಿಗೆಗೆ ಹಾರಿಬಿಡೋಣ ಅನ್ನಿಸಿತು. ಕರಿಯಮ್ಮ ಆಗಲೇ ಬೆನ್ನು ತಿರುಗಿಸಿ ಮಂಕರಿ ಎತ್ತುತ್ತಿದ್ದಳು. ಶುಕ್ರವಾರದ ಮಾತೇ ಅವಳಿಗೆ ಬೇಡವಾಗಿತ್ತು. ದೊಡ್ಡಯ್ಯ ಒಲೆಯ ಹತ್ತಿರದಿಂದ ತಗ್ಗಿದ ದನಿಯಲ್ಲಿ ವಿಷಯ ತಿಳಿಸಿದ. ಕೊಪ್ಪರಿಗೆ ಬಾಡಿಗೆಯದು, ನಾಳೆ ಬೆಳಗ್ಗೆ ಇನ್ನೊಬ್ಬರ ಹೊಲಕ್ಕೆ ಹೋಗಬೇಕು. ಇನ್ನೂ ಮೂರು ಸಲ ಬೇಯಿಸುವಷ್ಟು, ಮೂರು ಆಟದ ಗೆಡ್ಡೆ ಬಿದ್ದಿದೆ. ಕಿತ್ತ ಗೆಡ್ಡೆ ಹಾಗೇ ಉಳಿದರೆ ಹಾಳು. ಮಕ್ಕಳಿಬ್ಬರೂ ಸತ್ಯಮಂಗಲದ ಕಡೆ ಗಿರಣಿಯಲ್ಲಿದ್ದಾರೆ, ಬರುತ್ತೇನೆಂದಿದ್ದ ಆಳು ಕೈಕೊಟ್ಟಿದ್ದಾನೆ.

ನಾಗೇಂದ್ರ ಕವರನ್ನು ಮರದ ಕೊಂಬೆಗೆ ಸಿಕ್ಕಿಸಿದ. ಅಂಗಿ ಪ್ಯಾಂಟು ಬಿಚ್ಚಿ ಅಲ್ಲೇ ನೇತುಹಾಕಿ, ಭಾವನ ಹಳೆ ಲುಂಗಿಯನ್ನು ಮಂಡಿಯ ಮೇಲೆ ಕಟ್ಟಿ, ಅಕ್ಕನ ಕೈಯಿಂದ ಮಂಕರಿ ಇಸಿದುಕೊಂಡ.

ಬಾಲ್ಯದಲ್ಲಿ ನೋಡಿದ್ದ ಕೆಲಸವೇ. ಆದರೆ ಸೀಮೆಸುಣ್ಣ ಹಿಡಿದ ಕೈಗೆ ಅದು ಮರೆತುಹೋಗಿತ್ತು. ಗೆಡ್ಡೆ ತುಂಬಿ, ಮುಳುಗುವಷ್ಟು ನೀರು ಹೊಯ್ದು, ಮೇಲೆ ಅರಿಸಿನದ ಎಲೆ ಹೊದಿಸಿ ಗೋಣಿ ಮುಚ್ಚಬೇಕು. ನೊರೆ ಉಕ್ಕಿ, ಬಿಳಿ ಹೊಗೆ ಎದ್ದು, ಘಾಟು ಮೂಗಿಗೆ ಹೊಡೆದ ಮೇಲೆ ಕಡ್ಡಿ ಚುಚ್ಚಿ ನೋಡಬೇಕು. ಕಡ್ಡಿ ತಡೆಯದೆ ಇಳಿದರೆ ಬೆಂದಿದೆ. ಆಮೇಲೆ ನೀರು ಬಸಿದು, ಹಬೆಯಾಡುವ ಗೆಡ್ಡೆಯನ್ನು ಹೊತ್ತು ಕಣದಲ್ಲಿ ಹರಡಬೇಕು. ಮೊದಲ ಆಟ ಮುಗಿಯುವ ಹೊತ್ತಿಗೆ ನಾಗೇಂದ್ರನ ಅಂಗೈಯಲ್ಲಿ ಎರಡು ಬೊಬ್ಬೆ ಎದ್ದಿದ್ದವು. ಕಣ್ಣು ಉರಿಯುತ್ತಿತ್ತು. ಮೈಯೆಲ್ಲ ಹಳದಿ. ಕರಿಯಮ್ಮ ತನ್ನ ಪಾಡಿಗೆ ತಾನು ದುಡಿಯುತ್ತಿದ್ದಳು. ಮಾತು ಏನಿದ್ದರೂ ಗಂಡನ ಜೊತೆ, ಉರಿ ಹೆಚ್ಚು, ಉರಿ ಕಮ್ಮಿ, ಅಷ್ಟೇ.

ಎರಡನೇ ಆಟದಲ್ಲಿ ಗೋಣಿ ಸರಿಸಲು ಹೋಗಿ ನಾಗೇಂದ್ರ ಕೊಪ್ಪರಿಗೆಯ ಅಂಚಿಗೆ ತೀರಾ ಬಗ್ಗಿದ.

"ಲೇ, ಇಂದಕ್ಕ ಬಾರ್ಲಾ, ಮಕ ಬೆಂದೋದದು!"

ಅಂದವಳು ಹಿಂದೆಯೇ ಬಂದು ರಟ್ಟೆ ಹಿಡಿದು ಎಳೆದಳು. ಎಳೆದ ಮೇಲೆ ತನ್ನ ಬಾಯಲ್ಲಿ ಬಂದದ್ದು ತನಗೇ ಗೊತ್ತಾಗಿ ತುಟಿ ಬಿಗಿದಳು. ನಾಗೇಂದ್ರನಿಗೆ ಮಾತ್ರ ಅವಳು ಲೇ ಎಂದದ್ದು ಬಾಯಿಗೆ ಬೆಲ್ಲ ಇಟ್ಟ ಹಾಗಾಯಿತು. ಮತ್ತೆರಡು ಮಂಕರಿ ಹೆಚ್ಚಿಗೆ ಹೊತ್ತ.

ಮೂರನೆಯದನ್ನು ಒಲೆಗೆ ಏರಿಸಿದ ಮೇಲೆ ಸ್ವಲ್ಪ ಬಿಡುವು. ದೊಡ್ಡಯ್ಯ ಸೌದೆ ತರಲು ಬೇಲಿಯ ಕಡೆ ಹೋದ. ಹೊತ್ತು ಇಳಿಮುಖವಾಗಿತ್ತು. ಮರದ ಬುಡದಲ್ಲಿ ಮಣ್ಣಿನ ಗಡಿಗೆಗೆ ಒದ್ದೆ ಬಟ್ಟೆ ಸುತ್ತಿಟ್ಟಿದ್ದರು. ನಾಗೇಂದ್ರ ಚೆಂಬು ಅದ್ದಿ ಎತ್ತಿ, ಉಸಿರು ಬಿಡದೆ ಗಟಗಟ ಕುಡಿದ. ಇನ್ನೊಂದು ಚೆಂಬು ಅದ್ದಿದ. ಅದನ್ನೂ ಮುಗಿಸಿ, ಗಲ್ಲದ ಮೇಲೆ ಇಳಿದ ನೀರನ್ನು ಒರೆಸಿಕೊಂಡು ನೋಡಿದರೆ ಕರಿಯಮ್ಮ ಕಣ್ಣು ಕೀಳದೆ ಅವನನ್ನೇ ನೋಡುತ್ತಿದ್ದಾಳೆ.

"ಒಟ್ಟೆ ತಣೀತಾ?" ಎಂದಳು.

ಹೂಂ ಎಂದ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಅಳಲು ಶುರುಮಾಡಿದಳು.

ಪತ್ರಿಕೆಯ ವಿಷಯಕ್ಕೇ ಅಳುತ್ತಿದ್ದಾಳೆಂದು ನಾಗೇಂದ್ರ ಮತ್ತೆ ತಪ್ಪಾಯಿತು ತಪ್ಪಾಯಿತು ಎನ್ನತೊಡಗಿದ. ಅವಳು ಕೈ ಆಡಿಸಿ ಸುಮ್ಮನಿರಿಸಿದಳು. ಆಮೇಲೆ ನಿಧಾನವಾಗಿ, ಒಲೆಯ ಕಡೆ ಮುಖ ಮಾಡಿಕೊಂಡು, ಇಪ್ಪತ್ತೊಂಬತ್ತು ವರ್ಷ ಯಾರಿಗೂ ಹೇಳದಿದ್ದುದನ್ನು ಹೇಳಿದಳು.

ಇವನು ಹುಟ್ಟಿದ ಮೂರನೇ ದಿನದಿಂದ ಅವ್ವನಿಗೆ ಜ್ವರ. ಮೈ ಮುಟ್ಟಿದರೆ ಕೈ ಸುಡುತ್ತಿತ್ತು. ಬಾಣಂತಿಗೆ ತಣ್ಣೀರು ಕೊಟ್ಟರೆ ಸನ್ನಿಯಾಗುತ್ತದೆ ಅಂತ ಅಜ್ಜಿ ಬರೀ ಕಷಾಯ ಕೊಡಿಸುತ್ತಿದ್ದಳು, ಅದೂ ಎರಡೇ ಗುಟುಕು. ಅವ್ವ ಕಂಡಕಂಡವರನ್ನೆಲ್ಲ ನೀರು ಕೇಳುತ್ತಿದ್ದಳು. ಐದನೇ ದಿನ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಕರಿಯಮ್ಮ ಜಗಲಿಯ ಗಡಿಗೆಯಿಂದ ಒಂದು ಚೆಂಬು ನೀರು ಮೊಗೆದು ಒಳಗೆ ಕದ್ದೊಯ್ದಳು. ಅವ್ವ ಎದ್ದು ಕೂತು, ಎರಡೂ ಕೈಯಲ್ಲಿ ಚೆಂಬು ಹಿಡಿದು, ತೊಟ್ಟು ಬಿಡದೆ ಕುಡಿದಳು. ಒಟ್ಟೆ ತಣೀತು ಕಣವ್ವ ಎಂದು ಮಗಳ ತಲೆ ಸವರಿ ಮಲಗಿದಳು. ಮಾರನೇ ದಿನ ಕೋಳಿ ಕೂಗುವ ಹೊತ್ತಿಗೆ ಇರಲಿಲ್ಲ. ಚಾಪೆಯ ಪಕ್ಕ ಜಗಲಿಯ ಚೆಂಬು ಕಂಡು ಅಜ್ಜಿ ಯಾರು ನೀರು ಕೊಟ್ಟವರು ಎಂದು ಇಡೀ ಮನೆಯನ್ನು ಕೇಳಿದಳು. ಹನ್ನೊಂದು ವರ್ಷದ ಹುಡುಗಿ ಆರು ದಿನದ ತಮ್ಮನನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಕೂತುಬಿಟ್ಟಳು.

"ಅವತ್ತಿಂದ ನಿನ್ನ ಇಳಿಸ್ಲೇ ಇಲ್ಲ ಕಣ್ಲಾ ನಾನು. ನಿನ್ ಅವ್ವನ ಸಾಯಿಸ್ದೋಳು, ನಾನೇ ಸಾಕ್ಬೇಕು ಅಂದ್ಕಂಡಿ. ನಂಗೊಂದು ಎಣ್ಣು ಉಟ್ಲಿ, ಅವ್ವನ ಎಸರು ಕೂಗಾನ ಅಂತಿದ್ದಿ. ಎರಡೂ ಗಂಡಾದೋ. ನಿಂಗೆ ಎಣ್ಣು ಉಟ್ತು ಅಂದಾಗ ಕೋಳಿ ಕುಯ್ದು ಅಟ್ಟಿ ಜನಕ್ಕೆಲ್ಲ ಇಟ್ಟಿಕ್ದಿ. ಆಮೇಕೆ ಆ ಕಾಗ್ದ ಬತ್ತು."

ತನ್ನನ್ನು ಕಂಕುಳಿನಿಂದ ಕೆಳಗಿಳಿಸದೆ ಬೆಳೆಸಿದ ಪ್ರೀತಿಯ ಅಡಿಯಲ್ಲಿ ಇಂಥದೊಂದು ಕೆಂಡ ಇತ್ತು ಅಂತ ನಾಗೇಂದ್ರನಿಗೆ ಹೇಗೆ ಗೊತ್ತಾಗಬೇಕು. ಸಿದ್ಧ ಮಾಡಿಕೊಳ್ಳದ ಮಾತೇ ಬಾಯಿಗೆ ಬಂತು.

"ಅಕ್ಕ, ಶಾಂತಿಗೂ ಹೆರಿಗೆಯಾದ ಮೂರನೇ ದಿನ ಜ್ವರ ಬಂದಿತ್ತು. ಡಾಕ್ಟ್ರೇ ನೀರು ಕುಡಿಸಿ ಅಂದ್ರು. ಅವ್ವುಂಗೆ ಒಳಗೆ ನಂಜಾಗಿತ್ತು, ಔಷಧಿ ಇರ್ಲಿಲ್ಲ. ನೀನು ಕೊಟ್ಟ ನೀರಿಂದಲ್ಲ."

ಕರಿಯಮ್ಮ ತಲೆಯಾಡಿಸಿದಳು.

"ನೀನು ಓದ್ದೋನು. ನನ್ನ ತಣ್ಸಕ್ಕೆ ಏನ್ ಬೇಕಾರೂ ಯೋಳೀಯೆ, ಬುಡು."

ನಿಜ ಹೇಳಿದರೂ ಸಮಾಧಾನದ ಮಾತಿನಂತೆಯೇ ಕೇಳಿಸುತ್ತಿತ್ತು. ಇನ್ನೊಂದು ಮಾತು ಮಾತ್ರ ಹೇಳಿದ. ಪತ್ರಿಕೆಯಲ್ಲಿ ಇರುವುದು ಕಾಗದದ ಹೆಸರು, ಸ್ಕೂಲಿಗೂ ಆಫೀಸಿಗೂ ಅದು ಇರಲಿ. ಕಿವಿಯಲ್ಲಿ ಏನು ಕೂಗಬೇಕು ಅನ್ನುವುದು ನಿನಗೆ ಬಿಟ್ಟದ್ದು, ಏನು ಕೂಗಿದೆ ಅಂತ ನಾವು ಯಾರೂ ಕೇಳುವುದಿಲ್ಲ. ಕರಿಯಮ್ಮ ಎದ್ದು ಹೋಗಿ ಗೋಣಿ ಸರಿಸಿ ಕಡ್ಡಿ ಚುಚ್ಚಿ ನೋಡಿದಳು. ಇನ್ನೂ ಬೆಂದಿರಲಿಲ್ಲ.

ಕೊನೆಯ ಮಂಕರಿ ಕಣಕ್ಕೆ ಬಿದ್ದಾಗ ಸೂರ್ಯ ಕಾಡಿನ ಮೇಲಿದ್ದ. ಕರಿಯಮ್ಮ ಬುತ್ತಿ ಬಿಚ್ಚಿ ತಮ್ಮನಿಗೆ ಮೊದಲು ಇಕ್ಕಿದಳು. ತಣ್ಣನೆ ರಾಗಿಹಿಟ್ಟಿನ ಮುದ್ದೆ, ಹುರುಳಿಕಾಳಿನ ಬಸ್ಸಾರು, ಒಂದು ಈರುಳ್ಳಿ. ಮೇಷ್ಟ್ರಾದ ಮೇಲೆ ನಾಗೇಂದ್ರ ಈ ಮನೆಗೆ ಬಂದಾಗಲೆಲ್ಲ ಹೋಟ್ಲಲ್ಲಿ ತಿಂಡಿ ಆಯಿತು ಎಂದು ಕಾಫಿಗೆ ಮುಗಿಸುತ್ತಿದ್ದ. ಇವತ್ತು ಒಂದು ಮುದ್ದೆ ಉಂಡು ಇನ್ನೊಂದಕ್ಕೆ ಕೈಯೊಡ್ಡಿದ. ಅವಳು ತನ್ನ ಪಾಲಿನದನ್ನು ಮುರಿದು ಇಟ್ಟಳು. ಅವನು ತಿನ್ನುವುದನ್ನು ನೋಡುತ್ತಾ, ಅವನಿಗಲ್ಲ, ಗಂಡನಿಗೆ ಕೇಳಿದಳು, ಶುಕ್ರವಾರ ಚಾಮರಾಜನಗರಕ್ಕೆ ಮೊದಲನೇ ಬಸ್ಸು ಎಷ್ಟು ಹೊತ್ತಿಗೆ ಅಂತ. ಆರು ಗಂಟೆಗೆ ಎಂದ ದೊಡ್ಡಯ್ಯ. ಅವಳು ಬರುತ್ತೇನೆ ಅನ್ನಲಿಲ್ಲ. ಸೀರೆಯ ಕವರು ಕೊಂಬೆಯಲ್ಲೇ ಇತ್ತು.

ಬಸ್ಸಿನಲ್ಲಿ ನಾಗೇಂದ್ರ ಚೀಟಿ ತೆಗೆದು ಬಳಕೆ ಅನ್ನುವ ಜಾಗವನ್ನೇ ಎಷ್ಟೋ ಹೊತ್ತು ನೋಡಿದ. ಒಂದಲ್ಲ, ಮೂರು ವಾಕ್ಯ ಸಿಕ್ಕಿದ್ದವು. ಒಂದನ್ನೂ ಬರೆಯುವ ಮನಸ್ಸಾಗಲಿಲ್ಲ. ಮನೆಗೆ ಬಂದು ಶಾಂತಿಗೆ ಹೆಸರಿನ ವಿಷಯ ಹೇಳಿದ. ಕಿವಿಯಲ್ಲಿ ಏನು ಬೇಕಾದರೂ ಕೂಗಲಿ, ಬರಲಿ ಮೊದಲು ಎಂದಳು ಶಾಂತಿ. ನೀರಿನ ವಿಷಯ ಅವನು ಹೆಂಡತಿಗೂ ಹೇಳಲಿಲ್ಲ, ಅಪ್ಪನಿಗೂ ಹೇಳಲಿಲ್ಲ. ಅದು ಅಕ್ಕನದು.

ಶುಕ್ರವಾರ ಒಂಬತ್ತು ಗಂಟೆಯಿಂದ ನಾಗೇಂದ್ರ ಬೀದಿಗೂ ಬಾಗಿಲಿಗೂ ಓಡಾಡಿದ. ನೆಂಟರು ಬಂದರು, ಸ್ಕೂಲಿನವರು ಬಂದರು, ಶಾಂತಮಲ್ಲಪ್ಪನವರು ಬಂದು ತಕಾರ ಎಲ್ಲಿಗೆ ಬಂತು ಎಂದು ಕೇಳಿದರು. ಇನ್ನೂ ನಾಲ್ಕು ದಿನ ಹಿಡಿಯುತ್ತದೆ ಸಾರ್ ಎಂದು ತಪ್ಪಿಸಿಕೊಂಡ. ಹತ್ತಾಯಿತು. ದೊಡ್ಡಪ್ಪನ ಮಗಳು ಆಗಲೇ ತೊಟ್ಟಿಲ ಹತ್ತಿರದ ಜಾಗ ಹಿಡಿದು ಕೂತಿದ್ದಳು. ಹತ್ತೂಕಾಲಿಗೆ ಹಸಿರು ಅಂಚಿನ ಸೀರೆಯುಟ್ಟು, ಕಂಕುಳಲ್ಲಿ ಅರಿಸಿನದ ಗಂಟು ಹಿಡಿದು, ಬೀದಿಯ ತಿರುವಿನಲ್ಲಿ ಕರಿಯಮ್ಮ ಕಾಣಿಸಿಕೊಂಡಳು. ಹಿಂದೆ ದೊಡ್ಡಯ್ಯ. ಬಸ್ಸು ಕೆಟ್ಟು ನಿಂತಿತಂತೆ, ಲಾರಿ ಹತ್ತಿ ಬಂದರಂತೆ.

ನಾಗೇಂದ್ರ ಎದುರಿಗೆ ಓಡಿದ. ಅವಳು ಅವನ ಬೊಬ್ಬೆಯ ಕೈ ತಿರುಗಿಸಿ ನೋಡಿ, ಎಣ್ಣೆ ಹಚ್ಚಿದೆಯಾ ಎಂದಷ್ಟೇ ಕೇಳಿ ನೆಟ್ಟಗೆ ಒಳಕೋಣೆಗೆ ನಡೆದಳು. ಶಾಂತಿ ಮಂಚದ ಮೇಲೆ ಮಗುವಿಗೆ ಹೊಸ ಅಂಗಿ ತೊಡಿಸುತ್ತಿದ್ದಳು. ಕರಿಯಮ್ಮ ಮಗುವನ್ನು ಕೂಡ ನೋಡದೆ ಅವಳ ಪಕ್ಕದಲ್ಲಿ ಕೂತಳು. ನಾಗೇಂದ್ರ ಬಾಗಿಲಾಚೆಯೇ ನಿಂತ.

"ಶಾಂತವ್ವ, ನೀನು ಆಸ್ಪತ್ರೇಲಿ ಇರೋಳು. ಒಂದ್ ಮಾತ ಕೇಳ್ತೀನಿ. ಜರ ಬಂದ ಬಾಣಂತೀಗೆ ತಣ್ಣೀರು ಕೊಟ್ರೆ ಸತ್ತೋದರಾ?"

ಸರ್ಕಾರಿ ಆಸ್ಪತ್ರೆಯಲ್ಲಿ ಆರು ವರ್ಷದಿಂದ ನರ್ಸಾಗಿದ್ದ ಶಾಂತಿ ಅಂಗಿಯ ದಾರ ಕಟ್ಟುತ್ತಲೇ ಹೇಳಿದಳು. ಹಳ್ಳಿಯಿಂದ ಬರುವ ಎಲ್ಲರ ಬಾಯಲ್ಲೂ ದಿನಾ ಕೇಳುವ ಪ್ರಶ್ನೆ ಅದು.

"ಅಯ್ಯೋ ಇಲ್ಲ ಅತ್ತಿಗೆ. ಕೊಡದೇ ಇದ್ರೆ ಕಷ್ಟ. ಕೇಳಿದಷ್ಟೂ ಕೊಡಬೇಕು. ನಾನು ಎಷ್ಟು ಜನಕ್ಕೆ ಕುಡಿಸಿದ್ದೀನೋ. ಪಾಪ, ಒಂದು ಲೋಟ ಒಳಗೆ ಹೋದ್ರೆ ಆ ಉರೀಲೂ ಒಂಚೂರು ಕಣ್ಣು ಮುಚ್ತಾರೆ."

"ಒಂದ್ ಚೆಂಬು ಕೊಟ್ರೂವೆ?"

"ಎರಡು ಚೆಂಬು ಕೊಡಿ. ಯಾರಿಗೆ ಅತ್ತಿಗೆ, ನಿಮ್ಮೂರಲ್ಲಿ ಯಾರಿಗಾದ್ರೂ ಹುಷಾರಿಲ್ವಾ?"

ಕರಿಯಮ್ಮ ಇಲ್ಲ ಎಂದಳು. ಸುಮ್ಮನೆ ಕೇಳಿದೆ ಎಂದಳು. ಆಮೇಲೆ ಉಸಿರು ಎಳೆದು ಬಿಟ್ಟಳು, ಬಾಗಿಲಾಚೆ ನಿಂತ ನಾಗೇಂದ್ರನಿಗೂ ಕೇಳಿಸುವಷ್ಟು ಉದ್ದವಾಗಿ. ಎಷ್ಟೋ ವರ್ಷ ತಲೆಯ ಮೇಲಿದ್ದ ಹೊರೆ ಇಳಿಸಿದವಳ ಹಾಗೆ ಭುಜ ತಗ್ಗಿತು. ಎರಡೂ ಕೈ ಚಾಚಿ, ಕೊಡವ್ವ ಮೊಗೀನ ಎಂದಳು.

ತೊಟ್ಟಿಲ ಸುತ್ತ ಹೆಂಗಸರು ಸೇರಿದರು. ಕರಿಯಮ್ಮ ಮಗುವನ್ನು ಮಲಗಿಸಿ, ಸೆರಗನ್ನು ಎಳೆದು ಅದರ ಮುಖಕ್ಕೂ ತನ್ನ ಮುಖಕ್ಕೂ ಮರೆ ಮಾಡಿಕೊಂಡು ಬಗ್ಗಿದಳು. ನಾಗೇಂದ್ರ ಮಾತು ಕೊಟ್ಟಿದ್ದಂತೆ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ನಿಂತ. ಮರೆ ಮಾಡಿದ ಸೆರಗು ಮೂರು ಸಲ ಅಲುಗಿದ್ದು ಕಂಡಿತು. ಆಮೇಲೆ ಎದ್ದು ನಿಂತು, ಲಾರಿಯಲ್ಲಿ ದಾರಿಯುದ್ದಕ್ಕೂ ದೊಡ್ಡಯ್ಯನ ಕೈಲಿ ಹೇಳಿಸಿಕೊಂಡು ಬಂದಿದ್ದ ಕಾಗದದ ಹೆಸರನ್ನು ಎಲ್ಲರಿಗೂ ಕೇಳುವಂತೆ 'ಪಂದನಾ' ಎಂದು ಕೂಗಿದಳು. ಸ್ಕೂಲಿನವರು ನಕ್ಕರು. ನಾಗೇಂದ್ರ ತಿದ್ದಲಿಲ್ಲ.

ಊಟ ಮುಗಿಯಿತು, ಜನ ಕರಗಿದರು. ಹಿತ್ತಲಲ್ಲಿ ಕರಿಯಮ್ಮ ಹೊಸ ಸೀರೆಯನ್ನು ಮೇಲೆ ಸಿಕ್ಕಿಸಿಕೊಂಡು, ಬೇಡ ಬೇಡ ಎಂದರೂ ಕೇಳದೆ, ಅಡುಗೆಯ ಪಾತ್ರೆ ಉಜ್ಜಲು ಕೂತಿದ್ದಳು. ಶಾಂತಿಯನ್ನು ಗದರಿಸಿ ಮಲಗಲು ಕಳಿಸಿದ್ದಳು. ನಾಗೇಂದ್ರ ಜಗಲಿಯಲ್ಲಿ ಬಾಡಿಗೆ ಜಮಖಾನೆ ಮಡಿಸುತ್ತಿದ್ದ. ಹಜಾರದಲ್ಲಿ ತೊಟ್ಟಿಲ ಪಕ್ಕ ಕೆಂಪಯ್ಯ ಒಬ್ಬನೇ ಕುಕ್ಕರುಗಾಲಲ್ಲಿ ಕೂತು ಹಗ್ಗ ಎಳೆಯುತ್ತಿದ್ದ.

ಮಗು ಕೊಸರಾಡಿತು. ಮುದುಕ ಹಗ್ಗ ಬಿಟ್ಟು ತೊಟ್ಟಿಲ ಅಂಚು ಹಿಡಿದು ಒಳಗೆ ಇಣುಕಿದ. ಮಗಳು ಕೂಗಿದ್ದು ಅವನಿಗೆ ಕೇಳಿಸಿತ್ತೋ, ಕೇಳಿಸದೆಯೇ ತಿಳಿದಿತ್ತೋ. ಸುತ್ತ ಯಾರೂ ಇಲ್ಲ ಅಂದುಕೊಂಡು, ಮೆಲ್ಲಗೆ, ದಾರಿಯಲ್ಲಿ ಮುಂದೆ ಹೋಗುತ್ತಿರುವ ಹೆಂಡತಿಯನ್ನು ಕರೆಯುವ ದನಿಯಲ್ಲಿ ಕರೆದ.

"ಪುಟ್ಟಮಾದೀ."

ಹಿತ್ತಲಲ್ಲಿ ಪಾತ್ರೆಯ ಸದ್ದು ನಿಂತಿತು. ನಾಗೇಂದ್ರ ಜಮಖಾನೆ ಮಡಿಸುವ ಕೈಯನ್ನು ಹಾಗೇ ನಿಲ್ಲಿಸಿದ. ಮಗು ಅಜ್ಜನ ಕಡೆ ತಿರುಗಿ, ಅಳು ಮರೆತು, ಕಾಲು ಝಾಡಿಸಿತು. ಮುದುಕ ಇನ್ನೊಂದು ಸಲ ಕರೆದ, ಈ ಸಲ ಸ್ವಲ್ಪ ಗಟ್ಟಿಯಾಗಿ. ತೊಟ್ಟಿಲ ಹಗ್ಗ ಕಿರ್ ಎಂದಿತು. ಸ್ವಲ್ಪ ಹೊತ್ತಿನ ಮೇಲೆ ಹಿತ್ತಲಲ್ಲಿ ಪಾತ್ರೆ ಉಜ್ಜುವ ಸದ್ದು ಮತ್ತೆ ಶುರುವಾಯಿತು.